ಸೂರಿನ ಗೆರೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಸೂರಿಗೆ ಹೋಗುತ್ತದೆ. ಸೂರಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿದ್ದಾರೋ ಇಲ್ಲವೋ, ಕಟ್ಟಿದ್ದರೆ ನೀರು ಇಳಿಯುವ ಪೈಪು ಯಾವ ಮೂಲೆಯಲ್ಲಿದೆ, ಅದು ಎಲ್ಲಿ ಹೋಗಿ ಬೀಳುತ್ತದೆ ಎಂದು ನೋಡಿದ ಮೇಲೆಯೇ ನಾನು ಚಪ್ಪಲಿ ಬಿಡುವುದು. ಮಗನಿಗೆ ಹೆಣ್ಣು ನೋಡಲು ರಾಮನಗರಕ್ಕೆ ಹೋದಾಗಲೂ ಹಾಗೆಯೇ ಅಂಗಳದಲ್ಲಿ ಕತ್ತೆತ್ತಿ ನಿಂತುಬಿಟ್ಟಿದ್ದೆ. ಬೀಗರು ಪಾಪ, ಈ ಹೆಂಗಸು ನಮ್ಮ ಮನೆಗೆ ಬೆಲೆ ಕಟ್ಟುತ್ತಿದ್ದಾಳೆ ಎಂದು ಗಾಬರಿಯಾಗಿದ್ದರಂತೆ. ಈಗ ದಾಂಡೇಲಿಯ ನಮ್ಮ ಮನೆಗೆ ಮಗ ಹೊಸ ತಗಡಿನ ಮಾಡು ಹಾಕಿಸುತ್ತಿದ್ದಾನೆ. ಅಳತೆ ತೆಗೆಯಲು ಬಂದ ಕೆಲಸದವನು, ಮೂರು ಕಡೆ ದೋಣಿ ಸಾಕು, ನಾಲ್ಕನೆಯ ಕಡೆ ಬರೀ ಸಂದಿ ಇದೆ, ಅಲ್ಲಿ ನೀರು ಬಿದ್ದರೆ ಯಾರಿಗೇನು ನಷ್ಟ ಎಂದ. ನಾನು ಅವನ ಮೇಲೆ ಹರಿಹಾಯ್ದ ರೀತಿಗೆ ಅವನು ಟೇಪು ಮಡಚಿಕೊಂಡು ಗೇಟಿನಾಚೆ ಹೋಗಿ ನಿಂತ. ಮಗ ನನ್ನ ಕೈ ಹಿಡಿದು ಒಳಗೆ ಕರೆತಂದು, ಒಂದು ದೋಣಿಯ ಸಲುವಾಗಿ ಇಷ್ಟು ಸಿಟ್ಟೇ ಎಂದು ಕೇಳಿದ. ಅವನಿಗೆ ನಾನು ಈ ಮಾತು ಎಂದೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದ ಈಗಲೂ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಹುಟ್ಟಿದ ಮನೆ ಹಳಿಯಾಳದಿಂದ ಮುಂಡಗೋಡದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಹಳ್ಳಿಯಲ್ಲಿತ್ತು. ಮಣ್ಣಿನ ದಪ್ಪ ಗೋಡೆ, ಮೇಲೆ ಹಂಚು. ಮುಂದೆ ಪಡಸಾಲೆ, ಅದರ ಹಿಂದೆ ಭತ್ತದ ಚೀಲಗಳಿಂದ ತುಂಬಿದ ನಡುಮನೆ, ನಡುಮನೆಯ ಹಿಂದೆ ಅಡುಗೆಮನೆ, ಬಚ್ಚಲು. ಬಲಕ್ಕೆ ಮನೆಯ ಉದ್ದಕ್ಕೂ ಒಂದು ಸಪೂರ ಕೋಣೆ. ಅವ್ವ, ನಾನು ಮತ್ತು ನನ್ನ ತಂಗಿ ನೀಲಾ ಮಲಗುತ್ತಿದ್ದುದು ಅಲ್ಲಿ. ಪಡಸಾಲೆ ಅಪ್ಪನದು, ಅಪ್ಪನನ್ನು ಕಾಣಲು ಬರುವವರದು. ಯಾರೂ ಬಾರದ ದಿನವೂ ಅದು ಅವರದೇ. ನಮ್ಮ ಕೋಣೆಯ ಗೋಡೆಯಾಚೆ ಒಂದು ಸಂದಿ, ಸಂದಿಯಾಚೆ ದೊಡ್ಡಪ್ಪನ ಮನೆ. ಅಜ್ಜ ಬದುಕಿದ್ದಾಗಲೇ ಇಬ್ಬರು ಮಕ್ಕಳಿಗೂ ಮನೆ, ಹೊಲ ಹಂಚಿಕೊಟ್ಟು ಹೋಗಿದ್ದ. ಹೊಲದಲ್ಲಿ ಬದು ಇತ್ತು, ತಂಟೆಯಿರಲಿಲ್ಲ. ಮನೆಯ ಜಾಗದಲ್ಲಿ ಮಾತ್ರ ಕಲ್ಲು ನೆಡಲು ಅಜ್ಜ ಬಿಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಮನೆಗಳ ನಡುವೆ ಗಡಿಕಲ್ಲು ನೆಟ್ಟರೆ ಊರಿನವರು ಅದನ್ನು ಗೋರಿ ನೋಡಿದಂತೆ ನೋಡುತ್ತಿದ್ದರು. ಆದ್ದರಿಂದ ನಮ್ಮ ಸೀಮೆಯಲ್ಲಿ ಬೇರೆ ಪದ್ಧತಿ ಇತ್ತು: ಮಾಡಿನ ನೀರು ಎಲ್ಲಿ ಬೀಳುತ್ತದೋ ಅಲ್ಲಿಯವರೆಗೆ ಆ ಮನೆಯವರ ಜಾಗ. ಸಂದಿಗೆ ಇಳಿಜಾರಾಗಿದ್ದುದು ನಮ್ಮ ಮಾಡು ಮಾತ್ರ. ಅದರ ನೀರು ಬಿದ್ದು ಬಿದ್ದು ನೆಲದಲ್ಲಿ ಉದ್ದಕ್ಕೆ ಒಂದು ಗೆರೆ ಕೊರೆದಿತ್ತು. ಮಣ್ಣು ತೊಳೆದುಹೋಗಿ ಸಣ್ಣ ಹರಳುಗಳು ಹಲ್ಲಿನ ಸಾಲಿನಂತೆ ಕಾಣುತ್ತಿದ್ದವು. ಆ ಗೆರೆಯಿಂದ ಈಚೆ ನಮ್ಮದು, ಆಚೆ ದೊಡ್ಡಪ್ಪನದು. ಈಚೆಗಿದ್ದ ಜಾಗವಾದರೂ ಎಷ್ಟು? ಒಂದು ಎಮ್ಮೆ ಸರಿಯಾಗಿ ಮಲಗಿದರೆ ಬಾಲ ಆಚೆ ಹೋಗುವಷ್ಟು. ಬೇಸಿಗೆಯಲ್ಲಿ ಅಪ್ಪ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಯಿಂದ ಗೆರೆಯೊಳಗಿನ ತರಗೆಲೆ, ಕೋಳಿ ಕೆದರಿದ ಮಣ್ಣು ಎಲ್ಲ ತೆಗೆಯುತ್ತಿದ್ದ. ದೇವರ ಜಗುಲಿಯನ್ನು ಅವನು ಅಷ್ಟು ಜತನದಿಂದ ಒರೆಸಿದ್ದನ್ನು ನಾನು ಕಂಡಿಲ್ಲ.

ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತಿತ್ತು. ಯಾಕೆ ನಿಂತಿತೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು, ಎರಡೂ ನಂಬುವಂತಿರಲಿಲ್ಲ. ಅವ್ವ ಮತ್ತು ದೊಡ್ಡವ್ವ ಮಾತ್ರ ಅಡುಗೆಮನೆಯ ಹಿಂಬಾಗಿಲಿನಿಂದ ಹೆಪ್ಪು, ಉಪ್ಪು, ಕಳಲೆ ಪಲ್ಯ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಗಂಡಸರಿಗೆ ಅದು ಗೊತ್ತಿತ್ತು. ಬಟ್ಟಲು ಯಾರ ಮನೆಯದೆಂದು ತಿಳಿದೇ ಅಪ್ಪ ಉಣ್ಣುತ್ತಿದ್ದ, ಪಲ್ಯ ಚಲೋ ಆಗೇತಿ ಎಂದೂ ಹೇಳುತ್ತಿದ್ದ.

ಒಂದು ಬೇಸಿಗೆಯಲ್ಲಿ ಅಪ್ಪ ಏನೋ ಕೆಲಸಕ್ಕೆ ದಾಂಡೇಲಿಗೆ ಹೋಗಿದ್ದವನು ಅಲ್ಲಿನ ಕಟ್ಟಡಗಳಿಗೆ ಸೂರಿನುದ್ದಕ್ಕೂ ಕಟ್ಟಿದ್ದ ತಗಡಿನ ದೋಣಿಗಳನ್ನು ನೋಡಿಕೊಂಡು ಬಂದ. ಆಮೇಲೆ ಅವನಿಗೆ ಬೇರೆ ಮಾತೇ ಇರಲಿಲ್ಲ. ಪಡಸಾಲೆಯ ಸಾರಿಸಿದ ನೆಲದ ಮೇಲೆ ಇದ್ದಲಿನಿಂದ ನಮ್ಮ ಮನೆಯ ಮಾಡನ್ನು ಬರೆದ. ಅದರ ಸುತ್ತ ಸೂರು, ಸೂರಿಗೆ ದೋಣಿ, ದೋಣಿಗೆ ಪೈಪು. ಆ ಚಿತ್ರವನ್ನು ಯಾರೂ ತುಳಿಯುವಂತಿರಲಿಲ್ಲ. ನಾವು ಗೋಡೆಗೆ ಬೆನ್ನು ಹಚ್ಚಿ ಅದರ ಸುತ್ತ ಕೂತು ರೊಟ್ಟಿ ತಿನ್ನುತ್ತಿದ್ದೆವು, ಅಪ್ಪ ತುತ್ತು ಬಾಯಲ್ಲಿಟ್ಟುಕೊಂಡೇ ಬೆರಳಿನಿಂದ ನೀರಿನ ದಾರಿ ತೋರಿಸುತ್ತಿದ್ದ. ಸೂರಿಗೆ ದಾರ ಕಟ್ಟಿ ಇಳಿಜಾರು ನೋಡುವಾಗ ಒಂದು ತುದಿ ಹಿಡಿಯಲು ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಅವಳು ಹಗುರ ಇದ್ದಳು, ಉಬ್ಬಸದ ಹುಡುಗಿ, ಮೈಯಲ್ಲಿ ಏನೂ ಇರಲಿಲ್ಲ.

"ಅಪ್ಪಾ, ನೀರಿಗೆ ಹೆಂಗ ಗೊತ್ತಾಗತೈತಿ ಯಾ ಕಡೆ ಹೋಗಬೇಕಂತ?"

"ವಾಟ ಸರಿ ಇದ್ರ ತಾನ ಹೊಕ್ಕೈತಿ ಬಿಡು. ದಾರ ಬಿಗಿ ಹಿಡಿ ನೀ."

ಅಪ್ಪನ ತಲೆ ಹಿಡಿದುಕೊಂಡು ಅವಳು ನಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗಿತ್ತು. ಅಪ್ಪ ಸಂತೋಷವಾಗಿದ್ದಾಗ ಅವನಂಥ ಮನುಷ್ಯ ಇನ್ನೊಬ್ಬನಿರಲಿಲ್ಲ ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು.

ಇದ್ದಲಿನ ಚಿತ್ರದಲ್ಲಿ ಒಂದು ಕಡೆ ದೋಣಿ ಇಲ್ಲದ್ದನ್ನು ಮೊದಲು ಕಂಡವಳು ಅವ್ವ. ಊಟದ ತಾಟುಗಳನ್ನು ಎತ್ತುತ್ತಾ ನಿಂತು ನೋಡಿದಳು.

"ಈ ಕಡೆ ಯಾಕ ಬಿಟ್ಟೀರಿ?"

"ಆ ಕಡೆ ಬ್ಯಾಡ."

"ನಾವು ಮಲಗೂದು ಅಲ್ಲೇ ಅಲ್ಲೇನ್ರಿ? ಇರಚಲು ಬಡದು ಬಡದು ಗ್ವಾಡಿ ಹಸಿ ಆಗತೈತಿ. ಹ್ವಾದ ಮಳಿಗಾಲದಾಗ ಹುಡುಗಿ ಉಸರು ತಗೊಳ್ಳಾಕ ಎಷ್ಟು ಒದ್ದಾಡ್ತು, ನೀವೂ ನೋಡೀರಿ."

"ಅಲ್ಲಿ ದೋಣಿ ಕಟ್ಟಿದ್ರ ನೀರು ನೆಲಕ್ಕ ಬೀಳೂದಿಲ್ಲ. ನೀರು ಬೀಳಲಿಲ್ಲಂದ್ರ ಗೆರಿ ಮುಚ್ಚತೈತಿ. ನಾಳೆ ನಮ್ಮ ಜಾಗ ಎಲ್ಲೀತನ ಅಂತ ಕೇಳಿದ್ರ ಯಾರು ಹೇಳಬೇಕು? ನಿಮ್ಮಪ್ಪ ಬರ್ತಾನೇನು ಹೇಳಾಕ?"

ಅವ್ವನ ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ತಾಟುಗಳನ್ನು ತೆಗೆದುಕೊಂಡು ಒಳಗೆ ಹೋದಳು. ಬಚ್ಚಲಿನಲ್ಲಿ ಅವುಗಳನ್ನು ತಿಕ್ಕುವ ಸದ್ದು ದಿನಕ್ಕಿಂತ ಜೋರಾಗಿ ಕೇಳುತ್ತಿತ್ತು. ಮರುದಿನ ಮತ್ತೆ ಕೇಳಿದಳು, ಅದರ ಮರುದಿನವೂ. ಬೇಕಾದರೆ ಒಂದು ಕಲ್ಲು ನೆಟ್ಟುಬಿಡಿ, ಊರು ಏನಾದರೂ ಅನ್ನಲಿ ಎಂದಳು. ಅಪ್ಪ, ನಾನು ಬದುಕಿರುವಾಗ ನಮ್ಮಪ್ಪನ ಮಾತು ಮುರಿಯುವವನಲ್ಲ ಎಂದ. ಅಣ್ಣನ ಮುಖ ನೋಡದವನಿಗೆ ಅಪ್ಪನ ಆ ಒಂದು ಮಾತು ಮಾತ್ರ ಅಷ್ಟು ಚೆನ್ನಾಗಿ ನೆನಪಿತ್ತು.

ಈ ಸುದ್ದಿ ಹಿಂಬಾಗಿಲಿನಿಂದ ದೊಡ್ಡಪ್ಪನ ಮನೆ ಮುಟ್ಟಿತು. ದೊಡ್ಡಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತವರೆದುರು, ತಮ್ಮ ಆ ಕಡೆಗೂ ದೋಣಿ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ ಎಂದನಂತೆ. ಹೇಳಲು ಬಂದವನಿಗೆ ಚಹಾ ಕೊಡಿಸಿ ಕಳಿಸಿದ ಮೇಲೆ ಅಪ್ಪ ಪಡಸಾಲೆಯಲ್ಲಿ ಅಡ್ಡಾಡತೊಡಗಿದ.

"ತಕರಾರಿಲ್ಲ ಅಂತಾನಂದ್ರ ಅದರಾಗ ಏನೋ ಐತಿ. ಸುಮ್ಮ ಸುಮ್ಮನ ತಕರಾರಿಲ್ಲ ಅನ್ನೂ ಮನುಷ್ಯಾನ ಅಲ್ಲ ಅಂವಾ."

ದೊಡ್ಡಪ್ಪನ ಆ ತಕರಾರಿಲ್ಲ ಎಂಬ ಮಾತೇ ನಮ್ಮನ್ನು ಹಾಳು ಮಾಡಿತು. ಅಣ್ಣನ ಕಣ್ಣು ಆ ಜಾಗದ ಮೇಲಿದೆ ಎಂದು ಅಪ್ಪನಿಗೆ ಖಾತ್ರಿಯಾಗಿಹೋಯಿತು. ಗೆರೆ ಇರುವುದಷ್ಟೇ ಸಾಲದು, ಎದ್ದು ಕಾಣಬೇಕು ಎನಿಸಿತು. ಹಳಿಯಾಳದಿಂದ ತಗಡಿನ ಕೆಲಸದವನು ಬಂದು ಮುಂದೆ, ಹಿಂದೆ, ಎಡಕ್ಕೆ ದೋಣಿ ಕಟ್ಟಿದ. ಮುಂದಿನ ಮತ್ತು ಎಡದ ನೀರು ಪೈಪಿನಲ್ಲಿ ಇಳಿದು ಬಚ್ಚಲ ಪಕ್ಕದ ತೊಟ್ಟಿಗೆ ಬೀಳುವಂತಾಯಿತು. ಹಿಂದಿನ ದೋಣಿಯ ನೀರೂ ಅಲ್ಲಿಗೇ ಹೋಗಬೇಕೆಂದು ಇದ್ದಲಿನ ಚಿತ್ರದಲ್ಲಿತ್ತು. ಅಪ್ಪ ಕೊನೆಯ ಗಳಿಗೆಯಲ್ಲಿ ಆ ದೋಣಿಯ ಇಳಿಜಾರು ತಿರುಗಿಸಿ, ಪೈಪನ್ನು ನಮ್ಮ ಕೋಣೆಯ ಮೂಲೆಯಲ್ಲಿ ಸಂದಿಯೊಳಕ್ಕೆ ಇಳಿಸಿ, ಅದರ ಬಾಯನ್ನು ಸರಿಯಾಗಿ ಗೆರೆಯ ತಲೆಗೆ ಇಟ್ಟ. ಹಿಂದಿನ ಮಾಡಿನ ನೀರೆಲ್ಲ ಗೆರೆಯಲ್ಲಿ ಹರಿದರೆ ಗೆರೆ ಕಾಲುವೆಯಾಗುತ್ತದೆ, ಕುರುಡನಿಗೂ ಕಾಣುತ್ತದೆ ಎಂಬ ಲೆಕ್ಕ. ಊರಿನವರು ಬಂದು ನೋಡಿ ಬಸಪ್ಪನ ಬುದ್ಧಿ ಎಂದರೆ ಬುದ್ಧಿ ಎಂದು ಅಪ್ಪನನ್ನು ಹೊಗಳಿದರು. ಯಾರೂ ಒಳಗೆ ಬಂದು ಆ ಗೋಡೆಯ ಈಚೆ ಯಾರು ಮಲಗುತ್ತಾರೆಂದು ಕೇಳಲಿಲ್ಲ.

ಮಿರಗದ ಮಳೆ ಮಾಮೂಲಿನಂತೆ ಬಂದು ಹೋಯಿತು. ಆರಿದ್ರಾ ಹಿಡಿದ ಮೇಲೆ ಬಿಡಲಿಲ್ಲ. ಮುಂದಿನ, ಎಡದ ದೋಣಿಗಳು ಚೆಂದ ಕೆಲಸ ಮಾಡಿದವು. ಅಂಗಳದಲ್ಲಿ ಕೆಸರಿಲ್ಲ, ತೊಟ್ಟಿ ತುಂಬಿ ತುಳುಕುತ್ತಿತ್ತು, ಅಪ್ಪ ಕೊಡೆ ಹಿಡಿದುಕೊಂಡು ಮನೆಯ ಸುತ್ತ ತಿರುಗಿ ನೋಡುತ್ತಿದ್ದ. ನಮ್ಮ ಕಡೆ ಮಾತ್ರ ಸೂರಿನ ನೀರು ಮೇಲಿನಿಂದ, ಪೈಪಿನ ನೀರು ಮೂಲೆಯಿಂದ, ಎರಡೂ ಸೇರಿ ಸಂದಿ ಹಳ್ಳವಾಯಿತು. ಗೋಡೆಯ ಬುಡ ಕೆಂಪಗಿದ್ದದ್ದು ಕಪ್ಪಗಾಯಿತು. ಆ ಕಪ್ಪು ದಿನ ದಿನ ಮೇಲೇರಿ ನನ್ನ ಮೊಣಕಾಲಿನವರೆಗೆ, ಆಮೇಲೆ ಸೊಂಟದವರೆಗೆ ಬಂತು. ಹೊದಿಕೆ ಹಿಂಡಿದರೆ ನೀರು ಬರುವುದೇನೋ ಎನ್ನುವಷ್ಟು ತಣ್ಣಗಿರುತ್ತಿತ್ತು. ಮೂಲೆಯಲ್ಲಿ ಬೂಸಲು ಬೆಳೆಯಿತು. ಅವ್ವ ಬೇವಿನ ಎಲೆ, ಲೋಬಾನ ಹಾಕಿ ಹೊಗೆ ಹಿಡಿದಳು. ಹೊಗೆಗೆ ನೀಲಾ ಇನ್ನಷ್ಟು ಕೆಮ್ಮಿದಳು. ಆ ಕೋಣೆಯ ತುದಿಯಲ್ಲಿ ಬಿತ್ತನೆಗೆಂದು ಇಟ್ಟಿದ್ದ ಬೀಜದ ಭತ್ತದಲ್ಲಿ ಮಿಕ್ಕಿದ ಚೀಲಗಳಿದ್ದವು. ಕೈಯಿಟ್ಟು ನೋಡಿದ ಅಪ್ಪ, ಬೀಜ ಮುಗ್ಗು ಹಿಡಿಯುತ್ತದೆ ಎಂದು ಅಂದೇ ಅವನ್ನು ನಡುಮನೆಗೆ ಹೊರಿಸಿದ. ನಾವು ಅಲ್ಲೇ ಇದ್ದೆವು.

ನಮ್ಮನ್ನು ಪಡಸಾಲೆಗೆ ಕರೆದುಕೊಳ್ಳಲು ಅವನಿಗೆ ಹೊಳೆಯಲಿಲ್ಲವೇ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಹೊಳೆದಿರಲಿಕ್ಕಿಲ್ಲ. ಹೆಣ್ಣುಮಕ್ಕಳು ಮಲಗುವುದು ಆ ಕೋಣೆಯಲ್ಲಿ, ಅಷ್ಟೆ. ಅವನಿಗೆ ಚಿಂತೆಯೇ ಇರಲಿಲ್ಲ ಎಂದಲ್ಲ. ಗೋಡೆಯ ಚಿಂತೆ ಇತ್ತು. ದಿನಾ ಬೆಳಿಗ್ಗೆ ಕೋಣೆಗೆ ಬಂದು ಹಸಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಕಾಡಿನಿಂದ ಮತ್ತಿ ಮರದ ಕಂಬ ತರಿಸಿ ಗೋಡೆಗೆ ಆಸರೆ ಕೊಟ್ಟ. ಗೋಡೆ ಕುಸಿದರೆ ಮಕ್ಕಳ ಗತಿ ಏನು ಎಂದು ನಿಜವಾಗಿಯೂ ಹೆದರಿದ್ದ. ನೀಲಾ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಭುಜ ಮೇಲೆ ಕೆಳಗೆ ಮಾಡುತ್ತಾ ಉಸಿರೆಳೆಯುವಾಗ ಅವನು ಅವಳ ತಲೆಯ ಮೇಲಿನ ಗೋಡೆಯನ್ನು ಬಡಿದು ನೋಡುತ್ತಿದ್ದ.

"ಗ್ವಾಡಿ ಗಟ್ಟಿ ಐತಿ. ನಮ್ಮಪ್ಪ ಕಟ್ಟಿದ್ದು, ಅಷ್ಟು ಲಗೂನ ಬೀಳೂದಿಲ್ಲ."

"ಹುಡುಗೀನ ನೋಡ್ರಿ ಇತ್ತಾಗ," ಎಂದಳು ಅವ್ವ.

"ಮಳಿ ಹೊಳವಾದ್ರ ಆಕಿಗೂ ಆರಾಮ ಆಗತೈತಿ."

ಒಂದು ಬೆಳಿಗ್ಗೆ ನೀಲಾಳ ತುಟಿ, ಉಗುರು ನೇರಳೆ ಹಣ್ಣು ತಿಂದವರಂತೆ ಕಂಡವು. ನಾನು ಮೊದಲು ಹಾಗೆಯೇ ಅಂದುಕೊಂಡೆ. ಮಾತಾಡಲು ಹೋದರೆ ಅವಳಿಗೆ ಮಾತಿನ ನಡುವೆ ಉಸಿರು ಸಿಗುತ್ತಿರಲಿಲ್ಲ. ಅಪ್ಪ ಹೊಲಕ್ಕೆ ಹೋಗಿದ್ದ. ಟ್ರ್ಯಾಕ್ಟರ್ ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ. ಅವ್ವ ನೀಲಾಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಸಂದಿಗೆ ಇಳಿದಳು. ಮೊಣಕಾಲುದ್ದದ ಕೆಸರು ನೀರು, ಗೆರೆ ಎಲ್ಲಿತ್ತೋ ಏನೋ. ದಾಟಿಕೊಂಡು ಹೋಗಿ ದೊಡ್ಡಪ್ಪನ ಬಾಗಿಲಲ್ಲಿ ನಿಂತಳು. ಗಂಡನ ಅಣ್ಣನೆದುರು ಅವಳು ಅಲ್ಲಿಯವರೆಗೆ ಸೆರಗು ಹೊದ್ದುಕೊಂಡೂ ನಿಂತವಳಲ್ಲ. ಅಂದು ತಲೆಯ ಮೇಲೆ ಸೆರಗಿರಲಿಲ್ಲ.

"ಭಾವಾರ, ಕೂಸು ಕೈಬಿಡಾಕತ್ತೇತ್ರಿ."

ದೊಡ್ಡಪ್ಪ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದ. ಕೈಯನ್ನೂ ತೊಳೆಯಲಿಲ್ಲ. ಹೊಲದ ದಾರಿಯಲ್ಲಿ ಅಪ್ಪನನ್ನು ಹತ್ತಿಸಿಕೊಂಡರಂತೆ. ಹಳಿಯಾಳದಲ್ಲಿ ಡಾಕ್ಟರು ಸೂಜಿ ಚುಚ್ಚಿ, ಧಾರವಾಡಕ್ಕೆ ಒಯ್ಯಿರಿ, ನಿಲ್ಲಬೇಡಿ ಎಂದರಂತೆ. ಅವರು ನಿಲ್ಲಲಿಲ್ಲ. ನೀಲಾ ದಾರಿಯಲ್ಲೇ ಹೋದಳು. ಟ್ರ್ಯಾಕ್ಟರ್ ತಿರುಗಿ ಊರಿಗೆ ಬಂದಾಗ ದೊಡ್ಡಪ್ಪ ಓಡಿಸುತ್ತಿದ್ದ, ಅಪ್ಪ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತಿದ್ದ, ಅವ್ವ ಹಿಂದೆ ಟ್ರಾಲಿಯಲ್ಲಿ ತಾಡಪತ್ರಿಯ ಕೆಳಗೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ದೊಡ್ಡವ್ವನ ಸೀರೆ ಹಿಡಿದುಕೊಂಡು ನಿಂತಿದ್ದೆ. ಅಪ್ಪ ಇಳಿದವನೇ ನನ್ನ ಕಡೆಗೆ ಬಂದ, ನಾನು ದೊಡ್ಡವ್ವನ ಬೆನ್ನ ಹಿಂದೆ ಹೋದೆ.

ನಮ್ಮಲ್ಲಿ ಹೂಳುವುದು ಕೂರಿಸಿ. ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು ಕೂರಿಸುತ್ತಾರೆ. ಹೊಲದಲ್ಲಿ ತೋಡಿದ ಕುಣಿಯಲ್ಲಿ ನೀರು ಒಸರುತ್ತಿತ್ತು. ಎಷ್ಟು ತೋಡಿ ಚೆಲ್ಲಿದರೂ ಮತ್ತೆ ತುಂಬಿಕೊಳ್ಳುತ್ತಿತ್ತು. ಹಾಸಿಗೆಯಲ್ಲಿ ಹಸಿಗೆ ಮುದುಡುತ್ತಿದ್ದವಳನ್ನು ಅದರಲ್ಲೇ ಕೂರಿಸಿದರು. ದೂರದಲ್ಲಿ ಹೆಂಗಸರ ನಡುವೆ ನಿಂತಿದ್ದ ಅವ್ವ ಆಗ ಮಾತ್ರ ಕೂಗಿದಳು. ಅದಕ್ಕೆ ಮೊದಲೂ ಅತ್ತಿರಲಿಲ್ಲ, ಆಮೇಲೂ ನಾನಿರುವಾಗ ಅತ್ತಿದ್ದು ಕಾಣೆ.

ಎಲ್ಲರೂ ಆ ಮಳೆಗಾಲದಲ್ಲಿ ಗೋಡೆ ಬೀಳುವುದನ್ನೇ ಕಾಯುತ್ತಿದ್ದರು. ಗೋಡೆ ಬೀಳಲಿಲ್ಲ. ಅಪ್ಪ ಕೆಟ್ಟವನಾಗಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು, ಒಂದೇ ಸಲ ಸಿಟ್ಟು ಮಾಡಿ ಮುಗಿಸುತ್ತಿದ್ದೆ. ಅವನು ತನ್ನ ಹಕ್ಕಿನ ಜಾಗದಲ್ಲಿ, ತನ್ನ ಅಪ್ಪನ ಮಾತಿನಂತೆ, ಯಾರಿಗೂ ಮೋಸ ಮಾಡದೆ ನಡೆದುಕೊಂಡಿದ್ದ. ಇಂದಿಗೂ ಯಾರಾದರೂ ನ್ಯಾಯ ನನ್ನ ಕಡೆ ಐತಿ ಎಂದು ಎದೆ ತಟ್ಟಿಕೊಂಡರೆ ನನ್ನ ಮೈ ಉರಿಯುತ್ತದೆ. ನಿನ್ನ ಮನೆಯ ಹಸಿ ಗೋಡೆಯ ಪಕ್ಕ ಯಾರನ್ನು ಮಲಗಿಸಿದ್ದೀಯ ಎಂದು ಕೇಳಬೇಕೆನಿಸುತ್ತದೆ. ಕೆಲವರನ್ನು ಕೇಳಿಯೂ ಬಿಟ್ಟಿದ್ದೇನೆ. ಗಂಡನ ಮನೆಯಲ್ಲಿ ನನ್ನನ್ನು ಬಾಯಿಬಡಕಿ ಎನ್ನುತ್ತಿದ್ದರು, ಅದು ಸುಳ್ಳಲ್ಲ.

ಕರ್ಮಾಂತರಗಳು ಮುಗಿದ ಮೇಲೆ ಮಳೆ ಸ್ವಲ್ಪ ಹೊಳವಾಯಿತು. ದೊಡ್ಡಪ್ಪ ಹಳಿಯಾಳಕ್ಕೆ ಹೋಗಿ ತಗಡಿನ ದೋಣಿ, ಕಬ್ಬಿಣದ ಕೊಂಡಿಗಳನ್ನು ಟ್ರಾಲಿಯಲ್ಲಿ ಹಾಕಿಕೊಂಡು ಬಂದು ಸಂದಿಯಲ್ಲಿ ಇಳಿಸಿದ. ಯಾರನ್ನೂ ಕರೆಯಲಿಲ್ಲ. ಏಣಿ ಹಚ್ಚಿ ಹತ್ತಿದ. ಅಪ್ಪ ಪಡಸಾಲೆಯಿಂದ ಎದ್ದು ಹೋಗಿ ಏಣಿಯ ಬುಡ ಹಿಡಿದುಕೊಂಡ. ಬಹಳ ಹೊತ್ತಿನವರೆಗೆ ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅಪ್ಪ ಏಣಿ ಬಿಟ್ಟು ದೋಣಿಯ ಇನ್ನೊಂದು ತುದಿಯನ್ನು ಕೋಲಿನಿಂದ ಎತ್ತಿ ಹಿಡಿದಾಗ ದೊಡ್ಡಪ್ಪನ ದನಿ ಕೇಳಿತು.

"ಬಸ್ಯಾ, ಆ ತುದಿ ಚೂರು ಎತ್ತು. ವಾಟ ಸಾಲವಲ್ದು."

"ಸಾಕೇನ್ ನೋಡಣ್ಣಾ."

"ಇನ್ನೊಂಚೂರು."

ಮೂಲೆಯ ಪೈಪನ್ನೂ ಕಿತ್ತು, ಹಿಂದಿನ ದೋಣಿಯನ್ನು ಮತ್ತೆ ತೊಟ್ಟಿಯ ಕಡೆ ತಿರುಗಿಸಿದರು. ಓಣಿಯ ಜನ ಬಂದು ಸಂದಿಯ ಬಾಯಲ್ಲಿ ನಿಂತು ನೋಡಿದರು. ಅಣ್ಣ ತಮ್ಮ ಒಂದಾದರು, ಕೂಸು ತಾನು ಹೋಗಿ ಮನೆ ಕೂಡಿಸಿತು ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಅವ್ವ ಅಡುಗೆಮನೆಯ ಕಿಟಕಿಯಲ್ಲಿ ಅದನ್ನು ಕೇಳಿಸಿಕೊಂಡಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಲಿಲ್ಲ. ನಾನು ಅವಳ ಪಕ್ಕ ಕೂತಿದ್ದೆ. ಇವತ್ತು ಹೆಚ್ಚು ಹಿಟ್ಟು ಕಲಸಿದ್ದೀಯಲ್ಲ ಎಂದೆ. ನಿಮ್ಮ ದೊಡ್ಡಪ್ಪನೂ ಉಣ್ಣುತ್ತಾನೆ ಎಂದಳು.

ಇಬ್ಬರೂ ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಪಕ್ಕದಲ್ಲಿ ಪಕ್ಕ ಕೂತರು. ನನಗೆ ತಿಳಿವಳಿಕೆ ಬಂದ ಮೇಲೆ ಅವರು ಹಾಗೆ ಕೂತದ್ದು ನಾನು ನೋಡಿದ್ದು ಅದೇ ಮೊದಲು. ಒಂದೇ ಮೂಗು, ರೊಟ್ಟಿ ಮುರಿಯುವ ರೀತಿಯೂ ಒಂದೇ. ಅವ್ವ ಸೆರಗು ಹೊದ್ದು ಬಡಿಸಿದಳು. ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಹಸಿದಿದ್ದರು, ಚೆನ್ನಾಗಿ ಉಂಡರು. ಅಷ್ಟರಲ್ಲಿ ಮಳೆ ಬಂತು. ಸಂದಿಯ ಕಡೆಯಿಂದ ಮೊದಲಿನಂತೆ ಸುರಿಯುವ ಸದ್ದು ಬರಲಿಲ್ಲ. ನೀರು ತಗಡಿನೊಳಗೆ ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಅಣ್ಣ ತಮ್ಮ ಇಬ್ಬರೂ ತಲೆಯೆತ್ತಿ ಅದನ್ನು ಕೇಳಿಸಿಕೊಂಡರು. ಅಪ್ಪನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಸಮಾಧಾನ ಕಂಡಿತು. ಅವ್ವನ ಕಡೆ ನೋಡಿದ.

"ಇನ್ನ ಒಂದು ಹನಿ ಸೈತ ಬಡಿಯೂದಿಲ್ಲ ನೋಡು. ಚಿಂತಿ ಇಲ್ಲ, ಗ್ವಾಡಿ ಉಳೀತು."

ಅವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ಹೌದ್ರಿ," ಎಂದಳು. "ಗ್ವಾಡಿ ಉಳೀತು."

ದೊಡ್ಡಪ್ಪ ತಾಟಿನಲ್ಲಿ ಕೈ ತೊಳೆದುಕೊಂಡು ಎದ್ದು ಮಳೆಯಲ್ಲೇ ಹೊರಗೆ ಹೋದ. ಅಪ್ಪ ಎದ್ದೇಳಲಿಲ್ಲ. ಅವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ, ತಾಟಿಗೂ ಇಳಿಯಲಿಲ್ಲ.